ನಮ್ಮ ಮನೆಯ ಮಂಚಾರೋಹಣ

"ಈ ಮನೆಯನ್ನು ನಾನು ಅರಮನೆ ಮಾಡಲಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸಿಬಿಡು!"

ಒಂದು ಭಾನುವಾರ ಬೆಳಿಗ್ಗೆ ಮಂಚದ ಮೇಲೆ ನಿಂತು ನಾನು ಹೀಗೆಂದು ಘೋಷಿಸಿದೆ. ಘೋಷಣೆಗೆ ಮಂಚವೇ ಏಕೆ ಬೇಕಿತ್ತು ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ನಿಲ್ಲಲು ಬೇರೆ ಜಾಗವೇ ಇರಲಿಲ್ಲ!

ನಮ್ಮದು ಬಾಡಿಗೆ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಒಳಗೆ ಹೋದವರು ಹೊಟ್ಟೆ ಒಳಕ್ಕೆಳೆದುಕೊಂಡರೆ ಮಾತ್ರ ಬಾಗಿಲು ಮುಚ್ಚುವಂಥ ಒಂದು ಬಚ್ಚಲು. ಇರುವ ಒಂದು ಕೋಣೆಯಲ್ಲಿ ಮುಕ್ಕಾಲು ಪಾಲು ಮಂಚ. ಉಳಿದ ಕಾಲು ಪಾಲಿನಲ್ಲಿ ಬೀರು, ಟೇಬಲ್ ಫ್ಯಾನು, ಹೊಲಿಗೆ ಮೆಷಿನ್ನು, ಹೆಂಡತಿ, ಕೊನೆಯಲ್ಲಿ ಮಿಕ್ಕ ಸಂದಿಯಲ್ಲಿ ನಾನು. ಆ ಮಂಚವೋ, ಮದುವೆಯಲ್ಲಿ ಮಾವನವರು ಕೊಟ್ಟದ್ದು. ಗಟ್ಟಿ ತೇಗ, ಕಂಬದಂಥ ಕಾಲುಗಳು, ತಲೆಯ ಕಡೆ ಎರಡು ಕೆತ್ತನೆಯ ನವಿಲು. ಯಾವುದೋ ಆನೆಗೆಂದು ಮಾಡಿಸಿರಬೇಕು, ಆನೆ ಬೇಡವೆಂದಮೇಲೆ ನಮಗೆ ಬಂದಿರಬೇಕು ಎಂದು ನನಗೆ ಮೊದಲಿನಿಂದಲೂ ಗುಮಾನಿ. ಕೋಣೆಯಲ್ಲಿ ನಾವು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದೆವು. ಹಾಗಿದ್ದೂ ದಿನಕ್ಕೊಮ್ಮೆಯಾದರೂ ಅದರ ಮೂಲೆಗೆ ನನ್ನ ಮೊಣಕಾಲು ತಗಲದಿದ್ದರೆ ಸೂರ್ಯ ಮುಳುಗುತ್ತಿರಲಿಲ್ಲ.

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಆದರೆ ನನ್ನ ಹೆಂಡತಿ ಹೊಲಿಗೆಯಲ್ಲಿ ಎತ್ತಿದ ಕೈ. ಅಕ್ಕಪಕ್ಕದ ಆರು ಮಂದಿ ಹೆಂಗಸರು ಅವಳ ಬಳಿ ಹೊಲಿಗೆ ಕಲಿಯುತ್ತೇವೆಂದು ಮುಂದೆ ಬಂದಿದ್ದರು.

"ಬಟ್ಟೆ ಹರಡಿ ಕತ್ತರಿಸೋಕೆ ನೆಲ ಬೇಕು ಕಣ್ರೀ. ನಮ್ಮನೇಲಿ ನೆಲ ಎಲ್ಲಿದೆ?" ಎಂದಳು.

"ಮಂಚದ ಕೆಳಗೆ ಬೇಕಾದಷ್ಟಿದೆ."

"ಅವರನ್ನೆಲ್ಲ ಮಂಚದ ಕೆಳಗೆ ತೆವಳಿಸಿಕೊಂಡು ಹೋಗಿ ಫ್ರಾಕು ಕತ್ತರಿಸೋದು ಕಲಿಸಲಾ? ಮುಂದಿನ ಭಾನುವಾರ ಮೂರು ಗಂಟೆಗೆ ಬರ್ತಾರೆ. ಅಷ್ಟರೊಳಗೆ ಜಾಗ ಆಗಲಿಲ್ಲ ಅಂದ್ರೆ ದೊಡ್ಡ ರಸ್ತೆಯ ಟೈಲರಿಂಗ್ ಶಾಲೆಗೆ ಸೇರ್ತಾರಂತೆ. ಆಮೇಲೇನು, ನಾನು ಮೆಷಿನ್ನಿಗೆ ಮುಸುಕು ಹಾಕಿ ಸುಮ್ಮನೆ ಕೂತ್ಕೋತೀನಿ."

ನನ್ನ ಹೆಂಡತಿ ಸುಮ್ಮನೆ ಕೂರುವವಳಲ್ಲ. ಆ ಮಾತನ್ನು ಅವಳು ತೀರ ಸಣ್ಣ ದನಿಯಲ್ಲಿ ಹೇಳಿದಳು. ವರ್ಷಗಟ್ಟಲೆ ಇಟ್ಟುಕೊಂಡ ಆಸೆ ಅದು.

"ಮಂಚ ಮಾರಿಬಿಡೋಣ" ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ತವರಿನ ಮಂಚ, ಅವಳಿಗೆ ನೋವಾದೀತು! ಅವಳೂ ಒಮ್ಮೆ ಮಂಚದ ಕಡೆ ನೋಡಿ ಏನೋ ಹೇಳಲು ಹೋಗಿ ನುಂಗಿಕೊಂಡಳು. ಹೀಗೆ ನಾವಿಬ್ಬರೂ ಯಾರ ಮನಸ್ಸನ್ನೂ ನೋಯಿಸದೆ ಬರೀ ಮೊಣಕಾಲು ನೋಯಿಸಿಕೊಂಡು ಬಾಳುತ್ತಿದ್ದೆವು.

ಮೊದಲು ಸುಲಭದ ಉಪಾಯ ಹೂಡಿದೆ. ಗೋಡೆಗೆ ದೊಡ್ಡ ಕನ್ನಡಿ ಒರಗಿಸಿದರೆ ಮನೆ ಎರಡರಷ್ಟು ಕಾಣುತ್ತದೆಂದು ಯಾರೋ ಹೇಳಿದ್ದರು. ಒರಗಿಸಿದೆ. ಮಂಚ ಎರಡು ಕಾಣಿಸಿತು! ಹೆಂಡತಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನೋಡಿ, "ಮೊದಲು ಒಂದಿತ್ತು. ಭೇಷ್!" ಎಂದು ಅಡುಗೆಮನೆಗೆ ಹೋದಳು.

ಆಗಲೇ ನನ್ನೊಳಗಿನ ಮಹಾಪುರುಷ ಮೈಮುರಿದೆದ್ದದ್ದು. ನಾನು ಯಾರು? ಲಿಫ್ಟ್ ಮೆಕ್ಯಾನಿಕ್! ಒಂದು ಊರಿನಷ್ಟು ಜನರನ್ನು ದಿನವೂ ಹತ್ತು ಅಂತಸ್ತು ಏರಿಸಿ ಇಳಿಸುವ ಯಂತ್ರಗಳ ಮೈದಡವುವವನು! ಯಃಕಶ್ಚಿತ್ ಒಂದು ಮಂಚವನ್ನು ಸೂರಿಗೆ ಏರಿಸಲಾರೆನೆ? ಹಗಲು ಮಂಚ ಮೇಲೆ, ನೆಲ ಖಾಲಿ. ರಾತ್ರಿ ಮಂಚ ಕೆಳಗೆ, ನಿದ್ದೆ!

ಒಂದೇ ತೊಡಕು, ಮನೆ ಯಜಮಾನರು. ಕೆಳಗಿನ ಮನೆಯಲ್ಲೇ ಇರುವ ಅವರನ್ನು ನಾವು ಗುಟ್ಟಾಗಿ 'ಮೊಳೆರಾಯರು' ಎನ್ನುತ್ತೇವೆ. ಗೋಡೆಗೆ ಮೊಳೆ ಹೊಡೆದರೆ ಅವರಿಗೆ ತಮ್ಮ ಬೆನ್ನಿಗೇ ಹೊಡೆದಂತೆ. ಬಾಡಿಗೆಗೆ ಬಂದ ದಿನವೇ, "ಏನು ಬೇಕಾದ್ರೂ ಮಾಡ್ಕೊಳ್ಳಿ, ಮೊಳೆ ಮಾತ್ರ ಹೊಡೀಬೇಡಿ" ಎಂದು ಭಾಷೆ ತೆಗೆದುಕೊಂಡಿದ್ದರು. ನಾನು ಮಾತಿಗೆ ತಪ್ಪುವವನೆ? ಹಳೆಯ ಕಾಲದ ಕಟ್ಟಡ, ಮೇಲೆ ಗಟ್ಟಿಮುಟ್ಟಾದ ಕಬ್ಬಿಣದ ತೊಲೆಗಳಿದ್ದವು. ಗುಜರಿಗೆ ಹೊರಟಿದ್ದ ಹಳೆಯ ರಾಟೆಗಳನ್ನೂ ಉಕ್ಕಿನ ಹಗ್ಗವನ್ನೂ ನಮ್ಮ ಮೇಸ್ತ್ರಿಯನ್ನು ಕಾಡಿ ಬೇಡಿ ತಂದೆ, ರಾಟೆಗಳನ್ನು ತೊಲೆಗಳಿಗೆ ಪಟ್ಟಿ ಬಿಗಿದು ಕೂರಿಸಿದೆ. ಒಂದೂ ಮೊಳೆಯಿಲ್ಲ!

ಇನ್ನು ಭಾರದ ಮಾತು. ಲಿಫ್ಟು ಮೇಲೇರುವಾಗ ಹಗ್ಗದ ಇನ್ನೊಂದು ತುದಿಯಲ್ಲಿ ಅದಕ್ಕೆ ಸರಿತೂಗುವ ಭಾರವೊಂದು ಕೆಳಗಿಳಿಯುತ್ತದೆ. ಇಲ್ಲದಿದ್ದರೆ ಎತ್ತುವವನ ಸೊಂಟ ಹೋಗುತ್ತದೆ. ನಮ್ಮ ಮಂಚಕ್ಕೆ ಸರಿತೂಗುವ ಭಾರ ಯಾವುದು? ಯೋಚಿಸುತ್ತ ಅಡುಗೆಮನೆಗೆ ಹೋದವನು ಅಲ್ಲಿದ್ದ ದೊಡ್ಡ ನೀರಿನ ಡ್ರಮ್ಮಿಗೆ ಎಡವಿ ಬಿದ್ದೆ. ಬಿದ್ದಲ್ಲಿಯೇ ಜ್ಞಾನೋದಯವಾಯಿತು!

ಹಗ್ಗದ ಒಂದು ತುದಿಗೆ ಮಂಚದ ನಾಲ್ಕು ಕಾಲು, ಅಡುಗೆಮನೆ ಬಾಗಿಲಿನ ಮೇಲಿನ ಗಾಳಿಕಿಂಡಿಯಿಂದ ಆಚೆ ಹೋದ ಇನ್ನೊಂದು ತುದಿಗೆ ಡ್ರಮ್ಮು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಾಗ ಪೈಪಿನ ಮೂಲಕ ಡ್ರಮ್ಮು ತುಂಬುತ್ತದೆ, ತೂಕಕ್ಕೆ ಮೆಲ್ಲಗೆ ಕೆಳಗಿಳಿಯುತ್ತದೆ, ಮಂಚ ಮೇಲೇರುತ್ತದೆ. ದಿನವಿಡೀ ಪಾತ್ರೆಗೆ, ಬಟ್ಟೆಗೆ, ಸ್ನಾನಕ್ಕೆ ನೀರು ಖರ್ಚಾಗುತ್ತದೆ. ಸಂಜೆಗೆ ಡ್ರಮ್ಮು ಹಗುರಾಗಿ ಮೇಲೆ ಹೋಗುತ್ತದೆ, ಮಂಚ ತಾನಾಗಿ ಇಳಿಯುತ್ತದೆ! ಕರೆಂಟಿಲ್ಲ, ಮೋಟಾರಿಲ್ಲ!

"ಮಂಚಕ್ಕೂ ನಲ್ಲಿಗೂ ಸಂಬಂಧ ಬೆಳೆಸಿದವರು ಪ್ರಪಂಚದಲ್ಲಿ ನೀವೊಬ್ಬರೇ ಇರ್ಬೇಕು" ಎಂದಳು ಹೆಂಡತಿ.

"ಹೊಗಳಿಕೆಗೆ ಧನ್ಯವಾದ."

"ನಾನು ಹೊಗಳಲಿಲ್ಲ."

ಆದರೆ ನಂಬಿ, ಅದು ಕೆಲಸ ಮಾಡಿತು! ಬುಧವಾರ ಬೆಳಿಗ್ಗೆ ನಲ್ಲಿ ಗೊರಗೊರ ಎಂದಿತು, ಡ್ರಮ್ಮು ತುಂಬಿತು, ನವಿಲುಗಳ ಸಮೇತ ಮಂಚ ದೇವಲೋಕದ ವಿಮಾನದ ಹಾಗೆ ಮೇಲಕ್ಕೆದ್ದಿತು. ಕೆಳಗೆ ನೆಲ! ಮದುವೆಯಾದಾಗಿನಿಂದ ನಾವು ನೋಡದಿದ್ದ ನೆಲ! ಕಳೆದುಹೋಗಿದ್ದ ಅವಳ ಒಂದು ಕತ್ತರಿ, ನನ್ನ ಮೂರು ಕಾಲುಚೀಲ, ಯಾರದೋ ಒಂದು ಬಾಚಣಿಗೆ ಎಲ್ಲವೂ ಸಿಕ್ಕವು. ಹೆಂಡತಿ ಕೋಣೆಯ ನಡುವೆ ನಿಂತು ಎರಡೂ ಕೈ ಚಾಚಿ ಗಿರಗಿರ ತಿರುಗಿದಳು. ಕೈ ಯಾವುದಕ್ಕೂ ತಗಲಲಿಲ್ಲ. ಅವಳ ಮುಖ ನೋಡಿ ನನ್ನ ಎದೆ ಎಷ್ಟು ಉಬ್ಬಿತೆಂದರೆ ಕೋಣೆ ಮತ್ತೆ ಇಕ್ಕಟ್ಟಾಯಿತು. ವಾರದ ಉಳಿದ ದಿನವೆಲ್ಲ ನಾನು ಕೆಲಸದ ಕಡೆ ಕಂಡಕಂಡವರಿಗೆಲ್ಲ ಜಂಭ ಕೊಚ್ಚಿದ್ದೇ ಕೊಚ್ಚಿದ್ದು.

ಬಂತು ಭಾನುವಾರ. ಹೊಲಿಗೆ ಕ್ಲಾಸಿನ ಉದ್ಘಾಟನೆಯ ದಿನ. ಬೆಳಿಗ್ಗೆ ಎದ್ದು ಠೀವಿಯಿಂದ ನಲ್ಲಿ ತಿರುಗಿಸಿದೆ. ಅದು ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಬೀದೀಲಿ ಪೈಪ್ ಒಡೆದಿದೆಯಂತೆ, ರಿಪೇರಿ ಮಾಡ್ತಿದಾರೆ" ಎಂದಳು ಹೆಂಡತಿ. "ನೀರಿಲ್ಲ ಅಂದ್ರೆ ನಿಮ್ಮ ಮಂಚ ಏರಲ್ಲ. ಮಂಚ ಏರದಿದ್ರೆ ನನ್ನ ಕ್ಲಾಸಿಲ್ಲ. ಮೂರು ಗಂಟೆಗೆ ಬರ್ತಾರ್ರೀ!"

"ಅಷ್ಟರಲ್ಲಿ ಬರುತ್ತೆ ಬಿಡು. ನಾನಿದೀನಲ್ಲ!"

"ಅದೇ ಭಯ."

ಈ ಗಡಿಬಿಡಿಯಲ್ಲಿ ಖಾಲಿ ನಲ್ಲಿಯನ್ನು ಮತ್ತೆ ತಿರುಗಿಸಿ ನಿಲ್ಲಿಸಬೇಕೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಯಾರಿಗೆ ತಾನೇ ಹೊಳೆಯುತ್ತದೆ ಹೇಳಿ?

ಮಧ್ಯಾಹ್ನಕ್ಕೆ ಮುನ್ಸೂಚನೆಯಿಲ್ಲದೆ ಮಾವನವರು ಬಂದಿಳಿದರು. ಅವರು ನಿವೃತ್ತ ರೈಲ್ವೆ ಗಾರ್ಡ್. ಕಡ್ಡಿಯಂಥ ಮೈ, ಗಡಿಯಾರದಂಥ ಶಿಸ್ತು. ಕೆಲಸ ಬಿಟ್ಟರೂ ಸೀಟಿ ಬಿಟ್ಟಿಲ್ಲ. ಅದು ಬೀಗದ ಕೈ ಗೊಂಚಲಿನ ಜೊತೆ ಸದಾ ಜೇಬಿನಲ್ಲಿರುತ್ತದೆ. ಒಳಗೆ ಬಂದವರು ಮಂಚವನ್ನು ನೋಡಿ, "ಇದಿನ್ನೂ ಇದೆಯಾ!" ಎಂದು ನಿಂತುಬಿಟ್ಟರು. ಪಾಪ, ಮಗಳ ಮದುವೆ ನೆನಪಾಗಿರಬೇಕು ಎಂದು ನನ್ನ ಕಣ್ಣೂ ತೇವವಾಯಿತು.

ಅವಸರದಲ್ಲಿ ಅವರಿಗೆ ಮಂಚ-ನಲ್ಲಿ ಸಂಬಂಧದ ವಿಚಾರ ಹೇಳಲು ಯಾರಿಗೂ ನೆನಪಾಗಲಿಲ್ಲ. ಊಟ ಮುಗಿಸಿ, "ಒಂದು ಅರ್ಧ ಗಂಟೆ ಅಡ್ಡಾಗ್ತೀನಿ" ಎಂದು ಮಂಚದ ಮೇಲೆ ಮೈಚಾಚಿದರು. ಹೆಂಡತಿ ಗುರುತು ಹಾಕುವ ಸೀಮೆಸುಣ್ಣ ತರಲು ಅಂಗಡಿಗೆ ಓಡಿದಳು. ನಾನೋ, ನೀರು ತಾನಾಗಿ ಬರದಿದ್ದರೆ ಹೊತ್ತು ತಂದಾದರೂ ಡ್ರಮ್ಮು ತುಂಬುತ್ತೇನೆ, ಮಾವ ಏಳುತ್ತಿದ್ದಂತೆ ಮಂಚ ಏರಿಸುತ್ತೇನೆ ಎಂದು ಎರಡು ಬಕೆಟ್ ಹಿಡಿದು ಬೀದಿ ಕೊನೆಯ ಕೈಪಂಪಿಗೆ ಹೊರಟೆ.

ಅಲ್ಲಿ ಇಡೀ ಬೀದಿಯೇ ಸಾಲಿನಲ್ಲಿ ನಿಂತಿತ್ತು. ನನ್ನ ಸರದಿ ಬಂದು, ಎರಡು ಬಕೆಟ್ ತುಂಬಿ, ತೋಳು ಉದ್ದವಾಗಿ, ಬೆವರಿಳಿಸುತ್ತ ಮನೆ ಮೆಟ್ಟಿಲು ಹತ್ತುವ ಹೊತ್ತಿಗೆ ಒಳಗಿನಿಂದ ಗೊರಗೊರ ಸದ್ದು! ನೀರು ಬಂದಿದೆ! ಓಡಿ ಹೋಗಿ ನೋಡುತ್ತೇನೆ, ಡ್ರಮ್ಮು ಕಂಠದವರೆಗೆ ತುಂಬಿ ಅಡುಗೆಮನೆ ನೆಲದ ಮೇಲೆ ಗಜಗಾಂಭೀರ್ಯದಿಂದ ಕೂತಿದೆ. ನಲ್ಲಿ ನಿಲ್ಲಿಸಿ ಕೋಣೆಗೆ ನುಗ್ಗಿದೆ. ಮಂಚವಿಲ್ಲ! ಫಳಫಳ ನೆಲ!

"ಮಾವಾ, ನೋಡಿದ್ರಾ! ಮಂಚ ತಾನೇ ತಾನಾಗಿ ಮೇಲೆ..."

ಮಾವ ಎಲ್ಲಿ?

ಮೇಲಿನಿಂದ ಹಿತವಾದ ಗೊರಕೆ ಕೇಳಿಸಿತು. ಕತ್ತೆತ್ತಿದೆ. ಸೂರಿಗೆ ಒಂದು ಮೊಳ ಕೆಳಗೆ ನಿಂತಿದ್ದ ಮಂಚದ ಅಂಚಿನಿಂದ ಕೈಗಡಿಯಾರ ಕಟ್ಟಿದ ಒಂದು ಕೈ ಜೋತಾಡುತ್ತಿತ್ತು.

"ಮಾವಾ..."

ಗೊರಕೆ ನಿಂತಿತು. "ಯಾವ ಸ್ಟೇಷನ್ನು?"

"ಏಳಬೇಡಿ ಮಾವ! ಎದ್ದರೆ ತಲೆ ತೊಲೆಗೆ..."

ಠಣ್!

ಆಮೇಲೆ ಅಂಚಿನಿಂದ ಮಾವನವರ ಮುಖ ಇಣುಕಿತು.

"ಅಳಿಯಂದ್ರೇ, ನಾನು ಮಲಗಿದ್ದು ಕೆಳಗಿನ ಬರ್ತಿನಲ್ಲಿ."

"ಹೌದು ಮಾವ."

"ಈಗಿರೋದು ಮೇಲಿನ ಬರ್ತಿನಲ್ಲಿ."

"ಹೌದು ಮಾವ."

"ಯಾರನ್ನ ಕೇಳಿ ಬದಲಾಯಿಸಿದ್ರಿ?"

ಹೀಗೆ ಕೇಳಿದವರೇ ಜೇಬಿನಿಂದ ಸೀಟಿ ತೆಗೆದರು. ಗಾಡಿ ಅಪಾಯದಲ್ಲಿ ನಿಂತಾಗ ಗಾರ್ಡ್ ಮಾಡುವ ಮೊದಲ ಕೆಲಸ ಅದಂತೆ. ಊದಿದರು ನೋಡಿ! ನಾಲ್ಕು ಬೀದಿ ಆಚೆಗಿನ ನಾಯಿಗಳೂ ಉತ್ತರ ಕೊಟ್ಟವು.

ಅದೇ ಹೊತ್ತಿಗೆ ಹೆಂಡತಿ ಆರು ಶಿಷ್ಯೆಯರನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದಳು. ಬಂದವಳ ಕಣ್ಣು ಮೊದಲು ಬಿದ್ದದ್ದು ನೆಲದ ಮೇಲೆ.

"ಅಬ್ಬ, ಜಾಗ ಆಗಿದೆ! ಬನ್ನಿ ಬನ್ನಿ, ಎಲ್ಲರೂ ಕೂತ್ಕೊಳ್ಳಿ" ಎಂದು ಅರಳಿದಳು. "ಅದ್ಸರಿ, ಅಪ್ಪ ಎಲ್ರೀ?"

ತಲೆ ತಗ್ಗಿಸಿ ಬೆರಳನ್ನು ಮೇಲಕ್ಕೆ ತೋರಿಸಿದೆ.

"ಅಯ್ಯೋ ಅಪ್ಪಾ!" ಎಂದು ಕಿಟಾರನೆ ಕಿರುಚಿದಳು.

"ಇದೀನಿ ಕಣೇ, ಇನ್ನೂ ಇದೀನಿ" ಎಂದು ಮೇಲಿನಿಂದ ಉತ್ತರ ಬಂತು.

ಅಷ್ಟರಲ್ಲಿ ಸೀಟಿ ಕೇಳಿ ಮೊಳೆರಾಯರು ಧಡಧಡ ಓಡಿ ಬಂದರು. ತೊಲೆ ನೋಡಿದರು, ರಾಟೆ ನೋಡಿದರು, ಮಂಚ ನೋಡಿದರು, ಮಂಚದ ಮೇಲಿನ ಹಿರಿಯರನ್ನು ನೋಡಿದರು.

"ಎಷ್ಟು ಮೊಳೆ ಹೊಡೆದಿದೀರಿ?"

"ದೇವರಾಣೆ ಒಂದೂ ಇಲ್ಲ ಸಾರ್!"

"ಮತ್ತೆ ಇವರು ಯಾತರ ಮೇಲೆ ನಿಂತಿದಾರೆ?"

"ನೀರಿನ ಮೇಲೆ ಸಾರ್."

ಮೊಳೆರಾಯರು ಕೈಗೆ ಸಿಕ್ಕ ಬೀರುವನ್ನು ಹಿಡಿದುಕೊಂಡು ನಿಂತರು.

ನಾನು ಗಂಭೀರವಾಗಿ ವಿವರಿಸಿದೆ. ಡ್ರಮ್ಮಿನ ನೀರನ್ನು ಒಮ್ಮೆಲೇ ಬಿಟ್ಟರೆ ಮಂಚವೂ ಒಮ್ಮೆಲೇ ಬರುತ್ತದೆ. ಆದ್ದರಿಂದ ಡ್ರಮ್ಮಿನ ತಳದ ನಲ್ಲಿಯಿಂದ ನಿಧಾನವಾಗಿ, ಸ್ವಲ್ಪಸ್ವಲ್ಪವೇ ನೀರು ತೆಗೆಯಬೇಕು. "ಬಚ್ಚಲಿಗೆ ಬಿಟ್ಟುಬಿಡ್ತೀನಿ" ಎಂದೆ.

"ಒಂದು ಹನಿ ಚೆಲ್ಲಿದ್ರೆ ನೋಡಿ!" ಎಂದಳು ಹೆಂಡತಿ. "ಬೆಳಿಗ್ಗೆಯಿಂದ ಬೀದಿಗೆ ಬೀದಿಯೇ ಬಾಯಾರಿ ಕೂತಿದೆ. ಮತ್ತೆ ಯಾವಾಗ ಬರುತ್ತೋ! ಪಾತ್ರೆಗೆ ಹಿಡೀರಿ."

"ಚೆಲ್ಲಬೇಡಿ ಅಳಿಯಂದ್ರೇ, ನನಗೇನೂ ಅವಸರ ಇಲ್ಲ" ಎಂದರು ಮಾವ, ದಿಂಬು ಸರಿಮಾಡಿಕೊಳ್ಳುತ್ತ.

ಹಿಡಿದೆ. ಬಕೆಟ್ಟುಗಳು ಆಗಲೇ ತುಂಬಿದ್ದವು, ನನ್ನದೇ ಪರಾಕ್ರಮ! ಕೊಡ ತುಂಬಿತು, ಪಾತ್ರೆ ತುಂಬಿತು, ಕುಕ್ಕರ್ ತುಂಬಿತು, ಲೋಟ, ಬಟ್ಟಲು, ಬಾಣಲೆ, ಕೊನೆಗೆ ನನ್ನ ಟಿಫಿನ್ ಡಬ್ಬಿಯ ಮೂರೂ ಅಂತಸ್ತು ತುಂಬಿದವು. ಮಂಚ ಒಂದು ಗೇಣು ಇಳಿಯಿತು. ಮೊಳೆರಾಯರ ಮನೆಯಿಂದ ಹಂಡೆ ಬಂತು, ಎದುರು ಮನೆಯಿಂದ ಟಬ್ಬು ಬಂತು. ಅಡುಗೆಮನೆ ಹಿಡಿಸದೆ ಪಾತ್ರೆಗಳು ಕೋಣೆಗೆ ನಡೆದವು. ನೋಡನೋಡುತ್ತಿದ್ದಂತೆ ಆ ಫಳಫಳ ನೆಲವೆಲ್ಲ ಮಾಯ!

ಶಿಷ್ಯೆಯರು ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಗೋಡೆಗೆ ಹಲ್ಲಿಗಳಂತೆ ಅಂಟಿ ನಿಂತಿದ್ದರು. ಒಬ್ಬಳು ಮೆಲ್ಲಗೆ, "ಟೀಚರ್, ನಾವು ಇನ್ನೊಂದು ದಿನ ಬರ್ತೀವಿ... ನೋಡೋಣ" ಎಂದಳು.

ಆ 'ನೋಡೋಣ'ದ ಅರ್ಥ ಎಲ್ಲರಿಗೂ ಗೊತ್ತು. ಹೆಂಡತಿಯ ಮುಖ ಬಾಡಿತು. ಕೈಯಲ್ಲಿದ್ದ ಸೀಮೆಸುಣ್ಣವನ್ನು ನೋಡಿಕೊಂಡು ನಿಂತಳು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು! ನನ್ನ ಕೈಯಾರೆ ಅವಳ ಆಸೆಗೆ ನೀರು ಸುರಿದೆನಲ್ಲ ಎಂದು ನನಗೆ ಅಳುವೇ ಬಂತು.

ಆಗ ಮೇಲಿನಿಂದ ಸೀಟಿ ಮೊಳಗಿತು.

"ಯಾರೂ ಇಳಿಯಕೂಡದು! ಮೂರು ಗಂಟೆ ಅಂದ್ರೆ ಮೂರು ಗಂಟೆ. ಪಾಠ ಶುರು ಮಾಡು ಮಗಳೇ!"

"ಎಲ್ಲಪ್ಪಾ ಜಾಗ?"

"ಟೇಪು ಇದೆ ತಾನೇ? ಅಳತೆ ತಗೊಳೋದು ಕಲಿಸು. ನಾನು ಎಷ್ಟು ಎತ್ತರದಲ್ಲಿದೀನಿ ಅಂತ ನನಗೂ ಗೊತ್ತಾಗಲಿ."

ಹೆಂಡತಿ ಮೂಗು ಒರೆಸಿಕೊಂಡು ಟೇಪು ಬಿಚ್ಚಿದಳು. ಹೀಗೆ ಅವಳ ಹೊಲಿಗೆ ಶಾಲೆಯ ಮೊದಲ ಪಾಠ, ನೆಲದಿಂದ ತಂದೆಯವರೆಗಿನ ಅಳತೆ! ನಾನು ಒಂದೊಂದು ಲೋಟ ತುಂಬಿದಂತೆ ಶಿಷ್ಯೆಯರು ಒಬ್ಬೊಬ್ಬರಾಗಿ ಅಳೆದು ಕೂಗತೊಡಗಿದರು. ಮೊದಲು ಮುಸಿಮುಸಿ, ಆಮೇಲೆ ಬಾಯ್ತುಂಬ ನಗು. ಮೊಳೆರಾಯರೂ, "ಟೇಪು ಸೊಟ್ಟ ಹಿಡಿದಿದೀರಮ್ಮ, ನೆಟ್ಟಗೆ ಹಿಡೀರಿ" ಎಂದು ಸೇರಿಕೊಂಡರು.

ಸೊಂಟದೆತ್ತರಕ್ಕೆ ಬಂದ ಮಂಚ ನಿಂತಿತು. ಕೆಳಗೆ ಕಾಲಿಡಲು ಅದಕ್ಕೆ ಜಾಗವಿಲ್ಲ, ಎಲ್ಲಿ ನೋಡಿದರೂ ಪಾತ್ರೆ! ಎಲ್ಲರೂ ಸೇರಿ ಪಾತ್ರೆಗಳನ್ನು ಮೆಟ್ಟಿಲಿಗೆ ಸಾಗಿಸತೊಡಗಿದೆವು. ಹಂಡೆ ಹೊತ್ತ ಮೊಳೆರಾಯರು ಏದುಸಿರು ಬಿಡುತ್ತ ಕೇಳಿದರು.

"ಅಲ್ರೀ, ಈ ಗೂಡಿನಲ್ಲಿ ಇಷ್ಟು ದೊಡ್ಡ ಮಂಚ ಯಾಕ್ರೀ ಇಟ್ಕೊಂಡಿದೀರಿ?"

ನಾನು ಹೆಂಡತಿಯ ಮುಖ ನೋಡಿದೆ, ಅವಳು ಅಪ್ಪನ ಮುಖ ನೋಡಿದಳು. "ಮಾವನವರು ಪ್ರೀತಿಯಿಂದ ಕೊಟ್ಟಿದ್ದು ಸಾರ್. ಹೇಗೆ ತೆಗೆಯೋಕಾಗುತ್ತೆ!" ಎಂದೆ.

"ಪ್ರೀತಿನೂ ಇತ್ತು ಅನ್ನಿ" ಎಂದು ಮಾವ ಗಂಟಲು ಸರಿಮಾಡಿಕೊಂಡರು. "ನಮ್ಮ ಕ್ವಾರ್ಟರ್ಸೂ ಇಷ್ಟೇ ಇತ್ತು. ಆ ಮಂಚ ಬಂದಾಗಿನಿಂದ ನಿಮ್ಮತ್ತೆಗೆ ಮೊಣಕಾಲಿಗೆ ಎಣ್ಣೆ ಹಚ್ಚೋದೇ ಕೆಲಸ. ಯಾರಿಗೆ ದಾಟಿಸೋದಪ್ಪಾ ಅಂತ ಕಾಯ್ತಿದ್ದೆ. ಮಗಳ ಮದುವೆ ಬಂತು, ಸಾಗಹಾಕಿದೆ!"

ನನ್ನ ಕೈಯಲ್ಲಿದ್ದ ಬಾಣಲೆಯ ನೀರು ತುಳುಕಿತು.

"ಯಾವತ್ತೋ ಮಾರಿರ್ತೀರಿ ಅಂದ್ಕೊಂಡಿದ್ದೆ" ಎಂದರು ಮಾವ. "ಇವತ್ತು ನೋಡಿದ್ರೆ ಇನ್ನೂ ಇದೆ! ಅಳಿಯಂದ್ರಿಗೆ ಇಷ್ಟ ಇರ್ಬೇಕು, ಅವರ ಮನಸ್ಸು ಯಾಕೆ ನೋಯಿಸಲಿ ಅಂತ ಸುಮ್ಮನಾದೆ."

"ನಿಮಗೆ ಇಷ್ಟ ಇತ್ತೇನ್ರೀ?" ಎಂದಳು ಹೆಂಡತಿ.

"ನಿನಗಲ್ವಾ ಇಷ್ಟ?"

"ನನಗಾ? ಕಂಡರಾಗಲ್ಲ!"

ಮೊಳೆರಾಯರು ಹಂಡೆ ಕೆಳಗಿಟ್ಟು ನವಿಲಿನ ತಲೆ ಸವರಿದರು. "ನಮ್ಮ ಹಜಾರ ಖಾಲಿ ಹೊಡೀತಿದೆ. ನಿಮ್ಮದೇನೂ ಅಭ್ಯಂತರ ಇಲ್ಲ ಅಂದ್ರೆ ನಾನು ತಗೊಂಡು ಹೋಗ್ತೀನಿ. ಆದರೆ ನೆಲದ ಮೇಲೇ ಇಡ್ತೀನಿ ಆಯ್ತಾ?"

"ಬಾಗಿಲಲ್ಲಿ ಹೇಗೆ ಹೋಗುತ್ತೆ ಸಾರ್?" ಎಂದು ತಾಂತ್ರಿಕ ಪ್ರಶ್ನೆ ಎತ್ತಿದೆ.

ಪಾತ್ರೆಗಳು ಸರಿದು ಮಂಚ ನೆಲ ಮುಟ್ಟಿದ್ದೇ ಕೆಳಗಿಳಿದ ಮಾವ ಬಗ್ಗಿ ಮಂಚದ ಮೂಲೆಗಳನ್ನು ತೋರಿಸಿದರು. ನಾಲ್ಕು ಬೋಲ್ಟು! ಬಿಚ್ಚಿದರೆ ಮಂಚ ಬಿಡಿಬಿಡಿ ಹಲಗೆ, ಗೋಡೆಗೆ ಒರಗಿಸಿದರೆ ಮುಗಿಯಿತು. ದಿನಾ ಸ್ಪ್ಯಾನರ್ ಜೇಬಿನಲ್ಲಿಟ್ಟುಕೊಂಡು ತಿರುಗುವ ಮಹಾಶಯ ನಾನು ಅದನ್ನು ನೋಡಿರಲೇ ಇಲ್ಲ. ಹೆಂಡತಿ ನನ್ನ ಜೇಬಿನಿಂದ ಸ್ಪ್ಯಾನರ್ ತೆಗೆದು ನನ್ನ ಕೈಗೇ ಕೊಟ್ಟಳು.

ಈಗ ನಾವು ಚಾಪೆಯ ಮೇಲೆ ಮಲಗುತ್ತೇವೆ, ಬೆಳಿಗ್ಗೆ ಸುತ್ತಿಡುತ್ತೇವೆ. ಕ್ಲಾಸು ಭರ್ಜರಿಯಾಗಿ ನಡೆಯುತ್ತಿದೆ. ಮೊದಲ ದಿನದ ಸುದ್ದಿ ಹಬ್ಬಿ ಶಿಷ್ಯೆಯರು ಹೆಚ್ಚಾಗಿದ್ದಾರೆ. ಬಟ್ಟೆ ಹರಡಿದಾಗ ಕಾಲಿಗೆ ಅಡ್ಡ ಬರುತ್ತೇನೆಂದು ನನ್ನನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸುತ್ತಾರೆ. ನಾನೂ ಗಾಳಿಗೆ ಹಿತವಾಗಿದೆ ಎಂದುಕೊಂಡು ಕೂರುತ್ತೇನೆ.

ಮೊನ್ನೆ ಹಾಗೆ ಕೂತಿದ್ದಾಗ ಹೊಸದಾಗಿ ಸೇರಿದವಳೊಬ್ಬಳು ಒಳಗೆ ಬೆರಗಾಗಿ ಕೇಳುತ್ತಿದ್ದಳು.

"ಟೀಚರ್, ಹೊರಗಿನಿಂದ ಇಷ್ಟು ಪುಟ್ಟ ಮನೆ, ಒಳಗೆ ಎಷ್ಟು ವಿಶಾಲ! ಹೇಗೆ ಮಾಡಿದ್ರಿ?"

ನನ್ನ ಹೆಸರು ಬಂದೀತೆಂದು ಕಿವಿ ನಿಮಿರಿಸಿದೆ. ಕತ್ತರಿಯ ಸದ್ದಿನ ನಡುವೆ ನನ್ನ ಹೆಂಡತಿಯ ದನಿ ಸ್ಪಷ್ಟವಾಗಿ ಕೇಳಿಸಿತು.

"ದೊಡ್ಡ ಸಾಮಾನು ಎರಡು ಹೊರಗೆ ಹಾಕಿದೆ ಕಣಮ್ಮ. ಒಂದನ್ನ ಕೆಳಗಿನ ಮನೆಯವರು ತಗೊಂಡು ಹೋದ್ರು. ಇನ್ನೊಂದನ್ನ ಯಾರೂ ತಗೊಳ್ಳಲಿಲ್ಲ, ಅಲ್ಲೇ ಮೆಟ್ಟಿಲ ಮೇಲೆ ಕೂತಿದೆ!"